ಹಳ್ಳ ಬೀಸಿದ ಹಿಟ್ಟು

ರಾಜಾಜಿನಗರದ ಯಾವುದೇ ಗಿರಣಿಯಲ್ಲಿ ರಾಗಿ ಬೀಸಿಸಿಕೊಂಡು ಬಂದವರಿಗೆ ಗೊತ್ತು, ಹಿಟ್ಟು ಮನೆ ಸೇರುವಾಗಲೂ ಬಿಸಿಯಾಗಿರುತ್ತದೆ. ಹಾಗೇ ಮುಚ್ಚಿಟ್ಟರೆ ಕೆಡುತ್ತದೆಂದು ಪೇಪರಿನ ಮೇಲೆ ಹರಡಿ, ಆರಿಸಿ, ಆಮೇಲೆ ಡಬ್ಬಕ್ಕೆ ತುಂಬುತ್ತೇವೆ. ಮೋಟಾರು ಕಲ್ಲನ್ನು ನಿಮಿಷಕ್ಕೆ ನೂರಾರು ಸುತ್ತು ತಿರುಗಿಸುತ್ತದೆ. ಆ ತಿಕ್ಕಾಟದಲ್ಲಿ ಹೋದ ಶಕ್ತಿಯೇ ಹಿಟ್ಟಿನ ಬಿಸಿ. ಮೋಟಾರಿಗೆ ಬರುವ ಕರೆಂಟಿನಲ್ಲಿ ಒಂದು ಪಾಲು ಬೀಳುವ ನೀರಿನದು. ಶಿವನಸಮುದ್ರದ ಕಾವೇರಿಯಿಂದ ಬೆಂಗಳೂರಿಗೆ ವಿದ್ಯುತ್ ಬಂದದ್ದು 1905ರಲ್ಲಿ. ಅಂದಿನಿಂದ ಈ ಊರಿನ ಗಿರಣಿಗಳು ತಂತಿಯ ಮೂಲಕ ನೀರಿನ ಬಲವನ್ನು ಉಂಡಿವೆ.

ತಂತಿ, ಮೋಟಾರು ಯಾವುದೂ ಇಲ್ಲದೆ ನೀರನ್ನೇ ನೇರವಾಗಿ ಬೀಸುಕಲ್ಲಿಗೆ ಹೂಡಿದ ಯಂತ್ರ ಉತ್ತರಾಖಂಡದ ಘರಾಟ್. ನಮ್ಮ ಬಯಲುಸೀಮೆಯಲ್ಲಿ ಅದು ಬೇರೂರಲಿಲ್ಲ. ಇಲ್ಲಿನ ಹಳ್ಳಗಳು ಸಂಕ್ರಾಂತಿಯ ಹೊತ್ತಿಗೆ ಬತ್ತುತ್ತವೆ. ವರ್ಷವಿಡೀ ಹರಿಯುವ ತೊರೆಗಳಿರುವ ಹಿಮಾಲಯದಲ್ಲಾದರೋ ಅದು ಊರೂರಿನ ಸ್ವತ್ತಾಗಿತ್ತು.

ಘರಾಟ್ ಮನೆಯ ನೆಲದ ಕೆಳಗೆ ಮರದ ಚಕ್ರವೊಂದು ಅಡ್ಡ ಮಲಗಿ ಬುಗುರಿಯಂತೆ ತಿರುಗುತ್ತದೆ. ಮೇಲಿನ ಕಾಲುವೆಯಿಂದ ಮರದ ದೋಣಿಯಲ್ಲಿ ಧುಮುಕಿದ ನೀರು ಅದರ ಓರೆ ರೆಕ್ಕೆಗಳಿಗೆ ಹೊಡೆಯುತ್ತದೆ. ಚಕ್ರದ ನಡುವಿನ ಕಂಬ ನೆಲವನ್ನೂ ಕೆಳಗಲ್ಲನ್ನೂ ತೂರಿ ಮೇಲ್ಗಲ್ಲನ್ನು ಹಿಡಿದಿರುತ್ತದೆ. ಚಕ್ರ ಒಂದು ಸುತ್ತು ಬಂದರೆ ಕಲ್ಲೂ ಒಂದು ಸುತ್ತು. ನಡುವೆ ಹಲ್ಲುಚಕ್ರವಿಲ್ಲ, ಬೆಲ್ಟಿಲ್ಲ.

ಇದು ಹೇಗೆ ಸಾಧ್ಯವಾಯಿತೆಂದು ಲೆಕ್ಕ ಹಾಕಿದರೆ ಸಂತೋಷವಾಗುತ್ತದೆ. ಮೂರು ಮೀಟರ್ ಎತ್ತರದಿಂದ ಇಳಿದ ನೀರಿನ ವೇಗ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು ಏಳೂವರೆ ಮೀಟರ್. ರೆಕ್ಕೆ ಅದರ ಅರ್ಧ ವೇಗದಲ್ಲಿ ಓಡುವಾಗ ನೀರಿನಿಂದ ಅತಿ ಹೆಚ್ಚು ಶಕ್ತಿ ಸಿಗುತ್ತದೆ ಎನ್ನುತ್ತದೆ ಭೌತಶಾಸ್ತ್ರ. ನಡುವಿನಿಂದ ರೆಕ್ಕೆಯವರೆಗೆ ನಲವತ್ತು ಸೆಂಟಿಮೀಟರ್ ಇರುವ ಚಕ್ರಕ್ಕೆ ಆ ವೇಗವೆಂದರೆ ನಿಮಿಷಕ್ಕೆ ಸುಮಾರು 90 ಸುತ್ತು. ಧಾನ್ಯವನ್ನು ತಂಪಾಗಿ ಬೀಸಲು ಕಲ್ಲಿಗೆ ಬೇಕಾದದ್ದೂ ಹೆಚ್ಚುಕಡಿಮೆ ಅಷ್ಟೇ! ನೀರಿಗೆ ಒಗ್ಗುವ ವೇಗವೂ ಕಲ್ಲಿಗೆ ಒಗ್ಗುವ ವೇಗವೂ ಒಂದೇ ಆದದ್ದರಿಂದ ಗೇರು ಬೇಕಾಗಲಿಲ್ಲ. ಈ ಸಮೀಕರಣಗಳನ್ನು ಬರೆಯದೆಯೇ ಗುಡ್ಡದ ಬಡಗಿಗಳು ಆ ಅಳತೆಗೆ ಬಂದು ನಿಂತಿದ್ದರು.

ನನ್ನ ಕಣ್ಣಿಗೆ ಈ ಯಂತ್ರದ ಅತ್ಯಂತ ಜಾಣ ಭಾಗ ಒಂದು ಕಡ್ಡಿ. ಮೇಲೆ ತೂಗುವ ಬುಟ್ಟಿಯಿಂದ ಧಾನ್ಯ ಕಲ್ಲಿನ ಕಣ್ಣಿಗೆ ಬೀಳಬೇಕು. ಬುಟ್ಟಿಯ ಬಾಯಿಗೆ ಕಟ್ಟಿದ ಕಡ್ಡಿಯ ಇನ್ನೊಂದು ತುದಿ ತಿರುಗುವ ಕಲ್ಲಿನ ಒರಟು ಬೆನ್ನಿನ ಮೇಲೆ ಕುಣಿಯುತ್ತಿರುತ್ತದೆ. ಅದು ಕುಣಿದಂತೆಲ್ಲ ಕಾಳು ಉದುರುತ್ತದೆ. ನೀರು ಜೋರಾದರೆ ಕಲ್ಲಿನ ವೇಗ ಹೆಚ್ಚುತ್ತದೆ, ಕುಣಿತ ಹೆಚ್ಚುತ್ತದೆ, ಕಾಳು ಹೆಚ್ಚು ಬೀಳುತ್ತದೆ; ಬಿದ್ದ ಕಾಳಿನ ಭಾರಕ್ಕೆ ಕಲ್ಲು ಮತ್ತೆ ನಿಧಾನವಾಗುತ್ತದೆ. ನೀರು ಸೊರಗಿದರೆ ಎಲ್ಲವೂ ತಿರುವುಮುರುವು. ನಮ್ಮ ಅಜ್ಜಿಯರು ರಾಗಿಕಲ್ಲಿನ ಗೂಟವನ್ನು ಬಲಗೈಯಲ್ಲಿ ತಿರುಗಿಸುತ್ತ ಎಡಗೈಯಿಂದ ಹಿಡಿ ಹಿಡಿ ಕಾಳು ಹಾಕುತ್ತಿದ್ದರಲ್ಲ, ಆ ಎಡಗೈಯ ಅಂದಾಜನ್ನು ಇಲ್ಲಿ ಕಡ್ಡಿಯೊಂದು ಕಲಿತುಕೊಂಡಿದೆ. ಹಿಟ್ಟು ನುಣ್ಣಗೆ ಬೇಕೋ ತರಿಯಾಗಿ ಬೇಕೋ ಎಂಬುದಕ್ಕೆ ಕಂಬ ನಿಂತ ತೊಲೆಯನ್ನು ಮೇಲಿನಿಂದಲೇ ಎತ್ತಿ ಇಳಿಸುವ ಸನ್ನೆಕೋಲುಂಟು. ಎರಡು ಕಲ್ಲುಗಳ ನಡುವಿನ ಸಂದು ಅದರಿಂದ ಕೂದಲೆಳೆಯಷ್ಟು ಬದಲಾಗುತ್ತದೆ.

ಘರಾಟ್‌ನ ದೌರ್ಬಲ್ಯ ಇರುವುದು ದಕ್ಷತೆಯಲ್ಲಿ. ಸೆಕೆಂಡಿಗೆ 100 ಲೀಟರ್ ನೀರು ಮೂರು ಮೀಟರ್ ಇಳಿದರೆ ಸಿಗಬೇಕಾದದ್ದು ಸುಮಾರು 2,900 ವ್ಯಾಟ್. ಚಪ್ಪಟೆ ರೆಕ್ಕೆಗೆ ಬಡಿದ ನೀರು ಚೆಲ್ಲಿ ಚದುರುತ್ತದೆ, ಕಂಬದ ಬುಡ ಉಜ್ಜುತ್ತದೆ. ಕಲ್ಲಿಗೆ ತಲುಪುವುದು ಐದರಲ್ಲಿ ಒಂದು ಪಾಲು, 600 ವ್ಯಾಟ್. ಗಂಟೆಗಟ್ಟಲೆ ದುಡಿಯುವ ಮನುಷ್ಯ ಕೊಡಬಲ್ಲದ್ದು 75 ವ್ಯಾಟ್. ಅಂದರೆ ಎಂಟು ಜನ ಹಗಲಿರುಳು ದಣಿಯದೆ ಬೀಸಿದ ಹಾಗೆ. ಹಿಂದೆ ಅದು ದೊಡ್ಡದೇ. ಊರಿಗೆ ಡೀಸೆಲ್ ಗಿರಣಿ ಬಂದ ಮೇಲೆ ಸಾಲದಾಯಿತು. ಘರಾಟ್‌ಗಳು ಒಂದೊಂದಾಗಿ ಮುಚ್ಚಿದವು.

ಅವನ್ನು ಎಬ್ಬಿಸಲು ಹೊರಟವರಲ್ಲಿ ಸಸ್ಯಶಾಸ್ತ್ರದ ಮೇಷ್ಟ್ರಾಗಿದ್ದ ಅನಿಲ್ ಪ್ರಕಾಶ್ ಜೋಷಿ ಮುಖ್ಯರು. ಅವರು ಕಟ್ಟಿದ ಹೆಸ್ಕೋ ಸಂಸ್ಥೆ ಹಳ್ಳಿಯವರ ಜೊತೆ ಸೇರಿ ಘರಾಟ್‌ಗಳನ್ನು ಸುಧಾರಿಸಿತು. ಮರದ ಚಪ್ಪಟೆ ರೆಕ್ಕೆಯ ಜಾಗಕ್ಕೆ ಬಾಗಿದ ಉಕ್ಕಿನ ರೆಕ್ಕೆ, ಕಂಬದ ಬುಡಕ್ಕೆ ಬಾಲ್ ಬೇರಿಂಗ್. ಬಾಗಿದ ರೆಕ್ಕೆ ನೀರನ್ನು ಹಿಂದಕ್ಕೆ ತಿರುಗಿಸಿ ಕಳಿಸುವುದರಿಂದ ಅದರ ವೇಗದ ಬಹುಪಾಲನ್ನು ಕಸಿದುಕೊಳ್ಳುತ್ತದೆ. ಅದೇ ತೊರೆ, ಅದೇ ಕಲ್ಲು, ಹಿಟ್ಟು ಮಾತ್ರ ಇಮ್ಮಡಿಗೂ ಮಿಗಿಲು. ರಾತ್ರಿ ಅದೇ ಕಂಬಕ್ಕೆ ಜನರೇಟರ್ ಜೋಡಿಸಿದರೆ ದೀಪ. ಈ ಪುನರುಜ್ಜೀವನದಲ್ಲಿ ಹಳೆಯ ಯಂತ್ರವನ್ನು ಗಾಜಿನ ಪೆಟ್ಟಿಗೆಯಲ್ಲಿಡಲಿಲ್ಲ, ಅದರ ಅಂಗ ಬದಲಿಸಿ ದುಡಿಮೆಗೆ ಹಚ್ಚಿದರು. ನನಗೆ ಇದೇ ಸರಿಯಾದ ಸಂರಕ್ಷಣೆ ಅನ್ನಿಸುತ್ತದೆ. ಇಂಗ್ಲೆಂಡಿನ ಡಾರ್ಸೆಟ್‌ನಲ್ಲಿ ಸ್ಟರ್‌ಮಿನ್ಸ್ಟರ್ ನ್ಯೂಟನ್ ಎಂಬ ಊರಿನ ನೀರಿನ ಗಿರಣಿ ವಸ್ತುಸಂಗ್ರಹಾಲಯವಾಗಿತ್ತು. ಸ್ವಯಂಸೇವಕರು ಅದರ ಯಂತ್ರವನ್ನು ತಿರುಗುವ ಸ್ಥಿತಿಯಲ್ಲೇ ಇಟ್ಟಿದ್ದರಿಂದ, 2020ರ ಲಾಕ್‌ಡೌನ್‌ನಲ್ಲಿ ಅಂಗಡಿಗಳಲ್ಲಿ ಹಿಟ್ಟು ಖಾಲಿಯಾದಾಗ ಅದು ಮತ್ತೆ ಊರಿಗಾಗಿ ಗೋಧಿ ಬೀಸಿತು.

ಘರಾಟ್‌ಗಳ ಸುಧಾರಣೆಗೆ ಕೇಂದ್ರ ಸರ್ಕಾರದ ಸಹಾಯಧನವೂ ಇತ್ತು. ಅದೇ ಯೋಜನೆ ನಮ್ಮ ಮಲೆನಾಡಿನ ಮನೆಗಳ ಪಿಕೊ ಹೈಡ್ರೊ ಎಂಬ ಪುಟ್ಟ ಜಲವಿದ್ಯುತ್ ಯಂತ್ರಗಳಿಗೂ ನೆರವಾಯಿತು. ಗುಡ್ಡದ ಅಬ್ಬಿ ನೀರನ್ನು ಅಡಿಕೆ ದಬ್ಬೆಯಲ್ಲಿ ಮನೆಗೆ ಇಳಿಸಿಕೊಂಡ ಸೀಮೆಯಲ್ಲವೇ ಅದು. ದಬ್ಬೆಯ ಜಾಗದಲ್ಲಿ ಪಿವಿಸಿ ಪೈಪು ಬಂತು, ಕೊನೆಯಲ್ಲಿ ಬಟ್ಟಲು ರೆಕ್ಕೆಯ ಪುಟ್ಟ ಚಕ್ರ. ಒಂದು ಕಿಲೋವ್ಯಾಟಿನ ಆಸುಪಾಸು ಕರೆಂಟು, ಮಳೆಗಾಲದಿಂದ ಬೇಸಿಗೆಯ ಬಾಗಿಲವರೆಗೆ. ಮನೆಯಲ್ಲಿ ದೀಪ ಆರಿಸಿದಾಗ ಚಕ್ರ ಹುಚ್ಚೆದ್ದು ಓಡದಂತೆ, ಉಳಿದ ಕರೆಂಟನ್ನು ಎಲೆಕ್ಟ್ರಾನಿಕ್ ಸಾಧನವೊಂದು ನೀರು ಕಾಯಿಸುವ ಕಾಯಿಲ್‌ಗೆ ಹರಿಸುತ್ತದೆ. ಘರಾಟ್‌ನ ಕಡ್ಡಿ ಮಾಡುವುದೂ ಇದನ್ನೇ: ಬಲ ಹೆಚ್ಚಾದಾಗ ಕೆಲಸವನ್ನೂ ಹೆಚ್ಚಿಸಿ ವೇಗವನ್ನು ಹದ್ದಿನಲ್ಲಿಡುವುದು.

ಇಷ್ಟೆಲ್ಲ ಆದರೂ, ನೀರಿನ ಗಿರಣಿಯ ದುರಸ್ತಿಯಲ್ಲಿ ಚಕ್ರದ ಕೆಲಸ ಸುಲಭದ ಭಾಗ. ಅದನ್ನು ಒಬ್ಬ ಬಡಗಿ, ಒಬ್ಬ ಕಮ್ಮಾರ ಮಾಡಿ ಮುಗಿಸಬಹುದು. ಕಾಲುವೆ ಹಾಗಲ್ಲ. ಅದು ಹಲವರ ಜಮೀನು ಹಾದು ಬರುತ್ತದೆ, ಅದರಿಂದಲೇ ಗದ್ದೆಗೂ ನೀರು ಹೋಗಬೇಕು, ಪ್ರತಿ ಮಳೆಗಾಲ ಅದರ ಬಾಯಿ ಒಡೆಯುತ್ತದೆ. ದಕ್ಷಿಣ ಕನ್ನಡ, ಕಾಸರಗೋಡಿನಲ್ಲಿ ಮಳೆ ನಿಂತ ಮೇಲೆ ಊರವರು ಕೂಡಿ ತೋಡಿಗೆ ಕಟ್ಟ ಕಟ್ಟುವುದನ್ನು ನೋಡಿದವರಿಗೆ ಇದರ ಶ್ರಮ ಗೊತ್ತು. ಒಬ್ಬಿಬ್ಬರು ಕೈಬಿಟ್ಟರೂ ಕೆಳಗಿನವರಿಗೆ ನೀರಿಲ್ಲ. ಘರಾಟ್‌ನ ಯಜಮಾನ ಒಬ್ಬನೇ ಇರಬಹುದು, ಆದರೆ ಕಾಲುವೆಯಿಲ್ಲದ ಘರಾಟ್ ಬರೀ ಎರಡು ಕಲ್ಲು.

ಕಾಲುವೆಯ ಆಚೆಗೆ ತೊರೆ, ತೊರೆಯ ಆಚೆಗೆ ಒರತೆ. ಹಿಮಾಲಯದ ಒರತೆಗಳಲ್ಲಿ ಅರ್ಧದಷ್ಟು ಬತ್ತುತ್ತಿವೆ ಎಂದು ನೀತಿ ಆಯೋಗದ 2018ರ ವರದಿ ಎಚ್ಚರಿಸಿತು. ಹೆಸ್ಕೋದವರೂ ಗಿರಣಿಯಿಂದ ಮೇಲಕ್ಕೆ ನಡೆದರು. ಡೆಹ್ರಾಡೂನ್ ಬಳಿಯ ಶುಕ್ಲಾಪುರದಲ್ಲಿ, ಆಸನ್ ಹೊಳೆಗೆ ನೀರುಣಿಸುವ ಕಾಡಿನ ಇಳಿಜಾರಿನಲ್ಲಿ, ಅರಣ್ಯ ಇಲಾಖೆಯ ಜೊತೆ ಸೇರಿ ಇಂಗುಗುಂಡಿಗಳನ್ನು ತೋಡಿಸಿದರು. ಅಲ್ಲಿ ನಿಂತ ಮಳೆ ಓಡಿಹೋಗದೆ ಮಣ್ಣಿಗಿಳಿಯುತ್ತದೆ, ತಿಂಗಳುಗಳ ಮೇಲೆ ಕೆಳಗೆಲ್ಲೋ ಒರತೆಯಾಗಿ ಹೊರಡುತ್ತದೆ.