ಎಳೆಯ ಕುದುರೆಯ ಮೊದಲ ಪಂದ್ಯ

1883ರಲ್ಲಿ ನಿರ್ಮಾಣಗೊಂಡ ನಮ್ಮ ಮಹಾಲಕ್ಷ್ಮಿ ಮೈದಾನದಲ್ಲಿ ಕುದುರೆಗಳು ಬೇಲಿ ಹಾರುವುದಿಲ್ಲ. ಸಮತಟ್ಟಾದ ಹುಲ್ಲಿನ ಮೇಲೆ ಓಡುತ್ತವೆ. ಆದರೂ ಎಳೆಯ ಕುದುರೆಗೆ ಮೊದಲ ಪಂದ್ಯವನ್ನು ಆರಿಸುವುದು ಎಚ್ಚರಿಕೆಯ ಕಾರ್ಯ. ಎರಡು ವರ್ಷದ ಕುದುರೆಯ ಮೂಳೆಗಳು ಇನ್ನೂ ಬಲಿಯುತ್ತಿರುತ್ತವೆ. ಮೂಳೆಯು ತಾನು ಹೊರುವ ಭಾರಕ್ಕೆ ತಕ್ಕಂತೆ ಕ್ರಮೇಣ ಗಟ್ಟಿಯಾಗುವುದರಿಂದ ಹದವಾದ ಓಟ ಹಿತಕರ. ಅತಿಯಾದರೆ ಕಾಲಿಗೇ ಅಪಾಯ.

ಆದುದರಿಂದ ಮೊದಲಿಗೆ, ಇನ್ನೂ ಗೆಲುವು ಕಾಣದ ಸಮವಯಸ್ಕ ಕುದುರೆಗಳೊಡನೆ, 1000 ಅಥವಾ 1200 ಮೀಟರಿನ ಓಟವೇ ಲೇಸು. ಕುದುರೆಯು ಗದ್ದಲಕ್ಕೆ ಬೆದರದೆ, ಬಳಿಕ ಮೇವು ಬಿಡದೆ, ಮರುದಿನ ಕುಂಟದೆ ಇದ್ದರೆ ಅದೇ ಮೊದಲ ಗೆಲುವು. 1943ರಲ್ಲಿ ಇಲ್ಲಿ ಆರಂಭವಾದ ಇಂಡಿಯನ್ ಡರ್ಬಿಯ 2400 ಮೀಟರಿನ ಓಟವು ನಾಲ್ಕು ವರ್ಷದ ಕುದುರೆಗಳಿಗೆ ಮೀಸಲು.

ಬಹುಮಾನದ ಅವಸರದಲ್ಲಿ ಕಾಲು ಕೆಡಿಸುವುದು ಬಡ್ಡಿಯ ಆಸೆಗೆ ಅಸಲನ್ನೇ ಕಳೆದುಕೊಂಡಂತೆ. ಮಕ್ಕಳನ್ನು ಕ್ರೀಡೆಗೆ ಹಚ್ಚುವ ಪಾಲಕರಿಗೂ ಈ ಮಾತು ಸಲ್ಲುತ್ತದೆ.