ಗಾಜಿನಲ್ಲಿ ಉಬ್ಬು ಚಿತ್ರ

ಅಕ್ಕಂದಿರೇ, ಚಿಕ್ಕವರಿದ್ದಾಗ ಬಳೆ ಚೂರಿನ ಸರ ಮಾಡಿದ್ದು ನೆನಪಿದೆಯಾ? ಒಡೆದ ಬಳೆ ಚೂರನ್ನು ದೀಪದ ಉರಿಗೆ ಹಿಡಿಯುತ್ತಿದ್ದೆವು. ಅದು ಮೆತ್ತಗಾಗಿ ಬಾಗುತ್ತಿತ್ತು. ಒಂದಕ್ಕೊಂದು ಕೊಂಡಿ ಹಾಕಿದರೆ ಸರ! ನಾನೊಮ್ಮೆ ಆತುರಪಟ್ಟು ಬಿಸಿ ಸರವನ್ನು ನೀರಿಗೆ ಹಾಕಿದೆ. ಟಪ್ ಅಂತ ಸಿಡಿಯಿತು. ಅವ್ವನ ಕೈಲಿ ಬೈಸಿಕೊಂಡೆ.

ಬಿಸಿಗೆ ಗಾಜು ಮೆತ್ತಗಾಗುವ ಈ ಗುಣದಿಂದಲೇ ಚಿತ್ರವನ್ನೂ ಮಾಡುತ್ತಾರೆ. ಗಾಜಿನ ಹಾಳೆಯ ಮೇಲೆ ಬಣ್ಣದ ಗಾಜಿನ ಚೂರುಗಳನ್ನು ಜೋಡಿಸುತ್ತಾರೆ. ಮುಚ್ಚಿದ ಕರೆಂಟ್ ಒಲೆಯಲ್ಲಿಟ್ಟು ಕಾಯಿಸುತ್ತಾರೆ. ಬಿಸಿಗೆ ಅವು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ರೋಮ್ ದೇಶದ ಕುಶಲಿಗರು ಸುಮಾರು 2000 ವರ್ಷದ ಹಿಂದೆಯೇ ಹೀಗೆ ಚೂರುಗಳನ್ನು ಬೆಸೆದು ಬಟ್ಟಲು ಮಾಡಿದ್ದರು.

ಚಿತ್ರ ಉಬ್ಬಿ ನಿಲ್ಲಬೇಕಾದರೆ ಬಿಸಿಯ ಲೆಕ್ಕ ಗೊತ್ತಿರಬೇಕು. ಮಂಜುಗಡ್ಡೆ ಕರಗಿ ನೀರಾಗುತ್ತದೆ. ಗಾಜು ಹಾಗಲ್ಲ. ಬೆಲ್ಲದ ಹಾಗೆ ನಿಧಾನವಾಗಿ ಮೆತ್ತಗಾಗುತ್ತದೆ. ನೀರು ಕುದಿಯುವುದು 100 ಡಿಗ್ರಿಗೆ. ಈ ಕೆಲಸದ ಗಾಜು ಸುಮಾರು 700ರಿಂದ 750 ಡಿಗ್ರಿಗೆ ಅಂಟಿಕೊಳ್ಳುತ್ತದೆ. ಆಗ ಚೂರಿನ ಅಂಚು ಮಾತ್ರ ದುಂಡಗಾಗುತ್ತದೆ. ಎಲೆ, ಹೂವು ಉಬ್ಬಿ ನಿಲ್ಲುತ್ತವೆ. ಕೈಯಾಡಿಸಿದರೆ ಬೆರಳಿಗೆ ಸಿಗುತ್ತವೆ. ಬಿಸಿ 800 ಡಿಗ್ರಿ ದಾಟಿತೋ, ಎಲ್ಲ ಕರಗಿ ಸಪಾಟು! ದೋಸೆ ಹಿಟ್ಟಿನಂತೆ ಹರಡಿಕೊಳ್ಳುತ್ತದೆ.

ಆಳ ತೋರಿಸುವುದು ಬೇರೆ ಉಪಾಯ. ಒಂದು ಹಾಳೆಯ ಮೇಲೆ ಮರ. ಅದರ ಮೇಲೆ ಬಣ್ಣವಿಲ್ಲದ ತಿಳಿ ಗಾಜು. ಅದರ ಮೇಲೆ ಹಕ್ಕಿ. ಮತ್ತೆ ತಿಳಿ ಗಾಜು. ಎಲ್ಲವನ್ನೂ ಒಟ್ಟಿಗೆ ಬೆಸೆದರೆ ಹಕ್ಕಿ ಮುಂದೆ, ಮರ ಹಿಂದೆ ಕಾಣುತ್ತದೆ. ತಿಳಿನೀರಿನ ಬಾವಿಯೊಳಗೆ ಇಣುಕಿದ ಹಾಗೆ. ದಪ್ಪ ಗಾಜು ಹರಿದು ಹೋಗದಂತೆ ಸುತ್ತ ಕಟ್ಟೆ ಕಟ್ಟಬೇಕು.

ಎಲ್ಲಾ ಗಾಜೂ ಒಂದಕ್ಕೊಂದು ಹೊಂದುವುದಿಲ್ಲ. ಆರುವಾಗ ಒಂದು ಹೆಚ್ಚು ಕುಗ್ಗುತ್ತದೆ, ಇನ್ನೊಂದು ಕಡಿಮೆ. ಎಳೆದಾಟದಲ್ಲಿ ಸೀಳು ಬಿಡುತ್ತದೆ. ಹಾಗಾಗಿ ಹೊಂದುವ ಗಾಜನ್ನೇ ಪರೀಕ್ಷೆ ಮಾಡಿ ಮಾರುತ್ತಾರೆ. ಅಮೆರಿಕದ ಪೋರ್ಟ್‌ಲೆಂಡ್ ಊರಿನ ಬುಲ್ಸ್‌ಐ ಕಾರ್ಖಾನೆ ಇದಕ್ಕೆ ಹೆಸರಾಗಿದೆ. ಅದು ಶುರುವಾದದ್ದು 1974ರಲ್ಲಿ.

ನನ್ನ ಬಳೆ ಸರ ಯಾಕೆ ಸಿಡಿಯಿತು ಅಂತ ಈಗ ಹೇಳುತ್ತೇನೆ. ಹೊರಗೆ ತಟ್ಟನೆ ಆರಿತು, ಒಳಗೆ ಬಿಸಿ ಉಳಿಯಿತು. ಉಬ್ಬು ಚಿತ್ರಕ್ಕೂ ಇದೇ ಭಯ. ತೆಳ್ಳಗಿರುವ ಕಡೆ ಬೇಗ ಆರುತ್ತದೆ, ಉಬ್ಬಿದ ಕಡೆ ತಡವಾಗಿ. ಅದಕ್ಕೇ ಸುಮಾರು 480 ಡಿಗ್ರಿಗೆ ಬಂದಾಗ ಬಿಸಿಯನ್ನು ಗಂಟೆಗಟ್ಟಲೆ ಅಲ್ಲೇ ನಿಲ್ಲಿಸುತ್ತಾರೆ. ಆಮೇಲೆ ಮೆಲ್ಲಗೆ ಇಳಿಸುತ್ತಾರೆ. ಚಿತ್ರ ಹೇಗೆ ಬಂತೋ ಅಂತ ಎಷ್ಟೇ ಆಸೆಯಾದರೂ, ಪೂರ್ತಿ ತಣಿಯುವ ತನಕ ಒಲೆಯ ಬಾಗಿಲು ತೆರೆಯುವುದಿಲ್ಲ.