ಸ್ವಲೀನ ಶಿಶುವೂ ಲಲಿತಕಲೆಗಳೂ

ಮನೆಯಲ್ಲಿ ಶಿಶುವು ಜನಿಸಿದೊಡನೆ ತಾಯಿಯು ಜೋಗುಳವನ್ನು ಹಾಡುತ್ತಾಳೆ. ತುಸು ಬೆಳೆದ ಮೇಲೆ ರಂಗವಲ್ಲಿಯನ್ನು ಇಡುವಾಗ ಅದನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳುತ್ತಾಳೆ. ಸಂಗೀತ ಚಿತ್ರಗಳ ಪರಿಚಯವು ನಮ್ಮ ಗೃಹಗಳಲ್ಲಿ ಹೀಗೆ ಯಾರೂ ಬೋಧಿಸದೆಯೇ ಆರಂಭವಾಗುವುದು. ಆದರೆ ಕೆಲವು ಮನೆಗಳಲ್ಲಿ ಮಗುವು ಹೆಸರು ಹಿಡಿದು ಕರೆದರೂ ತಿರುಗಿ ನೋಡುವುದಿಲ್ಲ. ಬೆರಳು ತೋರಿಸಿ ಏನನ್ನೂ ಕೇಳುವುದಿಲ್ಲ. ಮಾತು ಬಾರದು, ಬಂದರೂ ಕೇಳಿದ ಮಾತಿನ ಪ್ರತಿಧ್ವನಿ ಮಾತ್ರವಾಗಿರುವುದು. ಆಟಿಕೆಯ ಚಕ್ರವನ್ನು ತಿರುಗಿಸುತ್ತ ಗಂಟೆಗಟ್ಟಲೆ ಕುಳಿತಿರುವುದು. ವೈದ್ಯರು ಪರೀಕ್ಷಿಸಿ ಇದು ಆಟಿಸಂ ಎಂದು ಹೇಳಿದ ದಿನದಿಂದ ಅಂತಹ ಮನೆಯಲ್ಲಿ ಜೋಗುಳವೂ ನಿಂತುಹೋಗುವುದುಂಟು. "ಕೇಳಿಸಿಕೊಳ್ಳದ ಮಗುವಿಗೆ ಹಾಡೇಕೆ?" ಎಂದು ತಾಯಿಯು ನಿಟ್ಟುಸಿರು ಬಿಡುತ್ತಾಳೆ. ಹಾಗೆ ನಿಲ್ಲಿಸಬಾರದೆಂಬುದನ್ನೂ, ಮುಂದುವರಿಸುವ ಬಗೆ ಯಾವುದೆಂಬುದನ್ನೂ ನಿರೂಪಿಸುವುದೇ ಈ ಲೇಖನದ ಉದ್ದೇಶ.

ಆಟಿಸಂ ಎಂಬ ಶಬ್ದವು 'ತಾನು' ಎಂಬ ಅರ್ಥವುಳ್ಳ ಗ್ರೀಕ್ ಪದದಿಂದ ಹುಟ್ಟಿದುದು. ಕನ್ನಡದಲ್ಲಿ ಇದನ್ನು ಸ್ವಲೀನತೆಯೆನ್ನುವರು. 1943ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ವೈದ್ಯ ಲಿಯೋ ಕ್ಯಾನರ್ ಎಂಬವರು 11 ಮಕ್ಕಳ ವೃತ್ತಾಂತವನ್ನು ಪ್ರಕಟಿಸಿ ಈ ಸ್ಥಿತಿಯ ಲಕ್ಷಣಗಳನ್ನು ವಿವರಿಸಿದರು. ಅವರಲ್ಲಿ ಮೊದಲನೆಯವನಾದ ಡೊನಾಲ್ಡ್ ಎಂಬ ಬಾಲಕನು ಒಂದು ವರ್ಷದ ವಯಸ್ಸಿನಲ್ಲಿಯೇ ಅನೇಕ ಹಾಡುಗಳ ಧಾಟಿಯನ್ನು ತಪ್ಪಿಲ್ಲದೆ ಗುನುಗುತ್ತಿದ್ದನೆಂದು ಆ ಲೇಖನದಲ್ಲಿಯೇ ಉಕ್ತವಾಗಿದೆ. ಕರೆದರೆ ಓಗೊಡದ ಕಿವಿಯು ಸ್ವರವನ್ನು ಗ್ರಹಿಸುತ್ತಿರಬಹುದೆಂಬುದಕ್ಕೆ ಇದಕ್ಕಿಂತ ಹಳೆಯ ಸಾಕ್ಷ್ಯವನ್ನು ಹುಡುಕಬೇಕಾದುದಿಲ್ಲ. ತಾಯಿಯ ವಾತ್ಸಲ್ಯದ ಕೊರತೆಯೇ ಈ ಸ್ಥಿತಿಗೆ ಕಾರಣವೆಂದು ಮುಂದೆ ಕೆಲವು ಕಾಲ ಪಂಡಿತರು ಸಾರಿದರು. ಆ ಮತವು ಸಂಪೂರ್ಣವಾಗಿ ನಿರಾಕೃತವಾಗಿದೆ. ಇದು ಮೆದುಳಿನ ಬೆಳವಣಿಗೆಯಲ್ಲಿಯೇ ಇರುವ ಭೇದ. ಇದರಲ್ಲಿ ತಾಯಿಯ ದೋಷ ಲವಲೇಶವೂ ಇಲ್ಲ.

ಇಲ್ಲಿ ಶಬ್ದವಿಚಾರವೊಂದನ್ನು ಹೇಳುವುದು ಅಪ್ರಸ್ತುತವಾಗಲಾರದು. 'ಲೀನ' ಎಂಬ ಪದವು 'ಲೀ' ಎಂಬ ಸಂಸ್ಕೃತ ಧಾತುವಿನಿಂದ ಬಂದುದು. ಅಂಟಿಕೊಳ್ಳುವುದು, ಕೂಡಿಹೋಗುವುದು ಎಂದು ಅದರ ಅರ್ಥ. ಸಂಗೀತದಲ್ಲಿ ನಾವು ಹೇಳುವ 'ಲಯ'ವೂ ಅದೇ ಧಾತುವಿನಿಂದ ನಿಷ್ಪನ್ನವಾದುದು. ಮಗುವು ತನ್ನಲ್ಲಿಯೇ ಲೀನವಾಗಿದೆಯೆಂದು ನಾವು ವ್ಯಸನಪಡುತ್ತೇವೆ. ಇಬ್ಬರು ಒಂದೇ ಲಯದಲ್ಲಿ ಕೂಡುವುದಕ್ಕೆ ಮಾತಿನ ಅಗತ್ಯವೇ ಇಲ್ಲವೆಂಬುದನ್ನು ಮರೆಯುತ್ತೇವೆ. ಹಿರಿಯರು ಮಾಡಬೇಕಾದ ಕೆಲಸವೆಂದರೆ ಮಗುವನ್ನು ಬಲವಂತವಾಗಿ ಹೊರಗೆಳೆಯುವುದಲ್ಲ. ತಾವು ಅದರ ಲಯದೊಳಕ್ಕೆ ಹೋಗಿ ಸೇರಿಕೊಳ್ಳುವುದು.

ಪ್ರಾರಂಭಕ್ಕೆ ಮುಂಚೆ ಮಗುವಿನ ಶ್ರವಣಶಕ್ತಿಯನ್ನು ಪರೀಕ್ಷಿಸಿರಬೇಕು. ಅನಂತರ ಒಂದು ವಾರ ಏನನ್ನೂ ಕಲಿಸದೆ ಸುಮ್ಮನೆ ಗಮನಿಸುವುದು ಒಳ್ಳೆಯದು. ಈ ಮಕ್ಕಳಲ್ಲಿ ಅನೇಕರಿಗೆ ಇಂದ್ರಿಯಗಳು ಅತಿ ತೀಕ್ಷ್ಣವಾಗಿರುತ್ತವೆ. ಮದುವೆಯ ಮನೆಯ ಓಲಗ, ಅಡಿಗೆಮನೆಯ ಮಿಕ್ಸಿ, ಕುಕ್ಕರಿನ ಸಿಳ್ಳು ಇವು ನಮಗೆ ಸಾಮಾನ್ಯವಾದವು. ಆ ಮಗುವಿಗೆ ಅವು ಕಿವಿಯೊಳಗೆ ಚುಚ್ಚಿದಷ್ಟು ನೋವನ್ನು ಉಂಟುಮಾಡಬಹುದು. ನನ್ನ ಪರಿಚಯದ ಒಂದು ಮನೆಯಲ್ಲಿ ಬಾಲಕನೊಬ್ಬನು ಓಲಗದ ಸದ್ದಿಗೆ ಕಿವಿ ಮುಚ್ಚಿಕೊಂಡು ಓಡುತ್ತಿದ್ದನು. ಆದರೆ ಅಜ್ಜಿಯು ತಂಬೂರಿಯನ್ನು ಮೀಟುವಾಗ ಅದರ ಬುರುಡೆಗೆ ಕೆನ್ನೆಯಾನಿಸಿ ಕುಳಿತುಬಿಡುವನು. ಮಗುವು ಯಾವ ಸದ್ದಿನಿಂದ ಓಡುವುದು, ಯಾವುದರ ಬಳಿಗೆ ತಾನಾಗಿಯೇ ಬರುವುದು, ಇದನ್ನು ಮೊದಲು ತಿಳಿಯತಕ್ಕದ್ದು.

ಇನ್ನು ಸಂಗೀತದ ಕ್ರಮವನ್ನು ಹೇಳುವೆನು. ದಿನವೂ ಒಂದೇ ವೇಳೆಯಲ್ಲಿ, ಒಂದೇ ಜಾಗದಲ್ಲಿ, ಒಂದೇ ಹಾಡನ್ನು ಮೆಲುದನಿಯಲ್ಲಿ ಹಾಡಬೇಕು. ನಮಗೆ ಬೇಸರ ತರುವ ಪುನರಾವೃತ್ತಿಯೇ ಆ ಮಗುವಿಗೆ ಧೈರ್ಯವನ್ನು ಕೊಡುವುದು. ಹಾಡು ಪರಿಚಿತವಾದ ಮೇಲೆ ಸಾಲಿನ ಕೊನೆಯ ಪದವನ್ನು ನುಡಿಯದೆ ನಿಲ್ಲಿಸಿ, ಮನಸ್ಸಿನಲ್ಲಿ ಹತ್ತು ಎಣಿಸುವಷ್ಟು ಕಾಲ ಕಾಯಿರಿ. ಒಂದು ನೋಟವೋ, ಒಂದು ಸ್ವರವೋ, ಕೈಯ ಒಂದು ಚಲನೆಯೋ ಬಂದರೆ ಅದನ್ನೇ ಉತ್ತರವೆಂದು ಎಣಿಸಿ ಹಾಡನ್ನು ಪೂರ್ಣಮಾಡಿರಿ. ಏನೂ ಬಾರದಿದ್ದರೂ ಬೇಸರಿಸದೆ ಪೂರ್ಣಮಾಡಿರಿ. ಮಗುವು ಮಣೆಯ ಮೇಲೆ ಟಪಟಪನೆ ಬಡಿಯುತ್ತಿದ್ದರೆ ಗದರಿಸದೆ, ನೀವೂ ಎದುರಿಗೆ ಕುಳಿತು ಅಷ್ಟೇ ಬಡಿತಗಳನ್ನು ಬಡಿದು ನಿಲ್ಲಿಸಿರಿ. ಅದು ಮತ್ತೆ ಬಡಿದರೆ ನೀವೂ ಮತ್ತೆ ಬಡಿಯಿರಿ. ಒಬ್ಬರಾದ ಮೇಲೆ ಒಬ್ಬರು ಎಂಬ ಈ ಸರದಿಯೇ ಸಂಭಾಷಣೆಯ ಅಸ್ಥಿಭಾರ. "ನನ್ನ ಮುಖ ನೋಡು" ಎಂದು ಗದ್ದವನ್ನು ಹಿಡಿದೆತ್ತುವುದು ಮಾತ್ರ ಕೂಡದು. ಮೊಬೈಲಿನಲ್ಲಿ ಹಾಡನ್ನು ಹಚ್ಚಿಕೊಟ್ಟರೆ ಸಾಲದೇ ಎಂದು ಕೆಲವರು ಕೇಳಬಹುದು. ಯಂತ್ರದ ಹಾಡು ಮಗುವಿಗಾಗಿ ಕಾಯುವುದಿಲ್ಲ. ತಾಯಿಯ ಹಾಡು ಕಾಯುವುದು. ಭೇದವಿರುವುದು ಅಲ್ಲಿಯೇ.

ಚಿತ್ರಕಲೆಗೂ ಇದೇ ನ್ಯಾಯ. ದುಬಾರಿಯ ಬಣ್ಣಗಳು ಬೇಕಾಗಿಲ್ಲ. ಎಲ್ಲವನ್ನೂ ಬಾಯಿಗಿಡುವ ಮಗುವಾದರೆ ಅಕ್ಕಿಹಿಟ್ಟು, ಅರಿಸಿನದ ನೀರು ಇವೇ ಸಾಕು. ಇಲ್ಲವಾದರೆ ಸ್ಲೇಟು ಬಳಪ, ಬಣ್ಣದ ಕಡ್ಡಿ, ಜೇಡಿಮಣ್ಣು. ಕೈಗೆ ಅಂಟುವ ವಸ್ತುವನ್ನು ಕೆಲವು ಮಕ್ಕಳು ಸಹಿಸಲಾರರು. ಅಂಥವರಿಗೆ ಕುಂಚವನ್ನೋ ಕಡ್ಡಿಯನ್ನೋ ಕೊಡಿರಿ. ಕೈಯನ್ನು ಹಿಡಿದು ತಿದ್ದಿಸುವುದು ಬೇಡ. ಮಗುವು ದಿನವೂ ಫ್ಯಾನನ್ನೇ ಬರೆಯುವುದಾದರೆ ಫ್ಯಾನನ್ನೇ ಬರೆಯಲಿ. ನೀವು ಪಕ್ಕದಲ್ಲಿ ಕುಳಿತು ನಿಮ್ಮ ಹಾಳೆಯಲ್ಲಿ ಇನ್ನೊಂದು ಫ್ಯಾನನ್ನು ಬರೆಯಿರಿ. ಕೆಲವು ದಿನಗಳ ಮೇಲೆ ಅದರ ಕೆಳಗೆ ಒಂದು ಮಂಚವನ್ನು ಸೇರಿಸಿರಿ. ಅದು ನಿಮ್ಮ ಹಾಳೆಯತ್ತ ಕಣ್ಣು ಹಾಯಿಸಿದ ದಿನ ಒಂದು ಮೆಟ್ಟಿಲನ್ನು ಏರಿದಂತೆಯೇ ಸರಿ.

1974ರಲ್ಲಿ ಲಂಡನ್ನಿನಲ್ಲಿ ಜನಿಸಿದ ಸ್ಟೀಫನ್ ವಿಲ್ಟ್‌ಶೈರ್ ಎಂಬವರು ಬಾಲ್ಯದಲ್ಲಿ ಮಾತನಾಡುತ್ತಿರಲಿಲ್ಲ; ಮೂರನೆಯ ವರ್ಷದಲ್ಲಿ ಸ್ವಲೀನತೆಯೆಂದು ನಿರ್ಣಯವಾಯಿತು. ಚಿತ್ರ ಬರೆಯುವುದೊಂದೇ ಅವರ ಆಸಕ್ತಿ. ಅವರು ನುಡಿದ ಮೊದಲ ಮಾತು 'ಕಾಗದ' ಎಂಬುದು. ಚಿತ್ರ ಬರೆಯಲು ಬೇಕಾದ ಕಾಗದ. 2005ರಲ್ಲಿ ಟೋಕಿಯೋ ನಗರವನ್ನು ಹೆಲಿಕಾಪ್ಟರಿನಿಂದ ಸ್ವಲ್ಪ ಹೊತ್ತು ನೋಡಿ, ಏಳು ದಿನಗಳಲ್ಲಿ ಸುಮಾರು 10 ಮೀಟರ್ ಉದ್ದದ ಬಟ್ಟೆಯ ಮೇಲೆ ಜ್ಞಾಪಕದಿಂದಲೇ ಅದನ್ನು ಚಿತ್ರಿಸಿದರು. ಈ ಕಥೆಯಿಂದ ಗೃಹಸ್ಥರು ಗ್ರಹಿಸತಕ್ಕ ನೀತಿಯು ಟೋಕಿಯೋ ಚಿತ್ರದಲ್ಲಿಲ್ಲ, ಕಾಗದವೆಂಬ ಮಾತಿನಲ್ಲಿದೆ. ಇಂತಹ ಅದ್ಭುತ ಪ್ರತಿಭೆಯು ಅತಿ ವಿರಳ. ಪ್ರತಿ ಮಗುವಿನಲ್ಲಿಯೂ ಅದನ್ನು ಹುಡುಕಿದರೆ ನಿರಾಶೆಯೇ ಫಲ. ಪ್ರೀತಿಯ ವಸ್ತುವೊಂದಿದ್ದರೆ ಇತರರೊಡನೆ ವ್ಯವಹರಿಸಲು ಮಗುವಿಗೆ ಒಂದು ಕಾರಣ ದೊರೆಯುವುದೆಂಬುದು ಮಾತ್ರ ಎಲ್ಲ ಮನೆಗಳಿಗೂ ಸಲ್ಲುವ ಮಾತು.

ಹಾಗಾದರೆ ಕಲೆಯು ಔಷಧವೆ? ಇದನ್ನು ಪರೀಕ್ಷಿಸಿದವರಿದ್ದಾರೆ. 2017ರಲ್ಲಿ ಪ್ರಕಟವಾದ ಸಂಶೋಧನೆಯೊಂದರಲ್ಲಿ ಒಂಬತ್ತು ದೇಶಗಳ 4ರಿಂದ 7 ವರ್ಷ ವಯಸ್ಸಿನ 364 ಮಕ್ಕಳನ್ನು ಪರಿಶೀಲಿಸಲಾಯಿತು. ಐದು ತಿಂಗಳು ಸಂಗೀತಚಿಕಿತ್ಸೆಯನ್ನು ಪಡೆದವರಿಗೂ ಪಡೆಯದವರಿಗೂ ಸ್ವಲೀನತೆಯ ಸಾಮಾಜಿಕ ಲಕ್ಷಣಗಳಲ್ಲಿ ಗಣನೀಯವಾದ ಅಂತರ ಕಾಣಲಿಲ್ಲ. 2022ರಲ್ಲಿ 26 ಸಂಶೋಧನೆಗಳನ್ನು ಒಟ್ಟುಗೂಡಿಸಿ ವಿಮರ್ಶಿಸಿದವರು, ಒಟ್ಟಾರೆ ಸುಧಾರಣೆಗೂ ಜೀವನದ ನೆಮ್ಮದಿಗೂ ಅದು ಬಹುಶಃ ಸಹಾಯಕವೆಂದು ಅಭಿಪ್ರಾಯಪಟ್ಟರು. ಅಲ್ಲಿ ಪರೀಕ್ಷಿಸಿದ್ದು ಶಿಕ್ಷಿತರು ನಡೆಸುವ ಚಿಕಿತ್ಸೆಯನ್ನು. ಮನೆಯ ಹಾಡು ಅದಕ್ಕೆ ಸಮವಲ್ಲ. ಆದುದರಿಂದ ಹಾಡನ್ನು ನಂಬಿ ಮಾತಿನ ತರಬೇತಿಯನ್ನಾಗಲಿ ವೈದ್ಯರ ಸಲಹೆಯನ್ನಾಗಲಿ ಬಿಡಬಾರದು. ನಮ್ಮ ನಾಡಿನಲ್ಲಿ ಮೈಸೂರಿನ ವಾಕ್ ಶ್ರವಣ ಸಂಸ್ಥೆ, ಬೆಂಗಳೂರಿನ ನಿಮ್ಹಾನ್ಸ್ ಮೊದಲಾದ ಕಡೆಗಳಲ್ಲಿ ಪರಿಣತರಿದ್ದಾರೆ. ತಡಮಾಡದೆ ಅವರನ್ನು ಕಾಣುವುದು ಕ್ಷೇಮ.

ಆದರೆ ಬೇರೆ ಮಕ್ಕಳಿಗೆ ನಾವು ಹಾಡುವುದು ಯಾವ ರೋಗದ ನಿವಾರಣೆಗಾಗಿ? ಮಗುವೆಂಬ ಕಾರಣಕ್ಕಾಗಿಯೇ ಹಾಡುತ್ತೇವಲ್ಲವೆ? ಈ ಮಗುವಿಗೂ ಅದೇ ಅಧಿಕಾರವಿದೆ. ಚಿಕಿತ್ಸೆ, ತರಬೇತಿ, ಪರೀಕ್ಷೆಗಳಲ್ಲಿಯೇ ಅದರ ದಿನವೆಲ್ಲ ಕಳೆದುಹೋಗುತ್ತಿರುವಾಗ, ಯಾರೂ ಏನನ್ನೂ ಅಳೆಯದ ಹತ್ತು ನಿಮಿಷಗಳು ಅದಕ್ಕೆ ದೊರೆಯಬೇಡವೆ? ಬಂಧುಗಳ ಮುಂದೆ "ಹಾಡಿ ತೋರಿಸು" ಎಂದು ಪೀಡಿಸದೆ, ಪಕ್ಕದ ಮನೆಯ ಮಗುವಿನೊಡನೆ ಹೋಲಿಸದೆ, ತಂದೆಯೂ ಅಜ್ಜ ಅಜ್ಜಿಯರೂ ತಾಯಿಯೊಡನೆ ಸರದಿಯಂತೆ ಆ ಹತ್ತು ನಿಮಿಷಗಳನ್ನು ದಿನವೂ ನಡೆಸಿಕೊಂಡು ಬರಲಿ. ನಿಂತುಹೋದ ಜೋಗುಳವು ಅಂತಹ ಮನೆಗಳಲ್ಲಿ ಇಂದು ಸಾಯಂಕಾಲವೇ ಪುನಃ ಆರಂಭವಾಗಲೆಂದು ನನ್ನ ವಿಜ್ಞಾಪನೆ.